ಉಪ್ಪು ತಿಂದ ಮೇಲೆ

ನಮ್ಮ ಮನೆಗೆ ಮೊದಲ ಸಲ ಬಂದವರ ಕಣ್ಣಿಗೆ ಒಂದು ಸಂಗತಿ ಬಿದ್ದೇ ಬೀಳುತ್ತದೆ. ನಡುಮನೆಯ ಕಿಟಕಿಯಲ್ಲಿ ಒಂದು ತಂಬಿಗೆ, ಅಡುಗೆಮನೆಯ ಕಟ್ಟೆಯ ಮೇಲೆ ಒಂದು, ಮಲಗುವ ಕೋಣೆಯಲ್ಲಿ ತಲೆದೆಸೆಗೆ ಒಂದು, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇನ್ನೊಂದು. ಎಲ್ಲದರಲ್ಲೂ ನೀರು, ಎಲ್ಲದರ ಮೇಲೂ ಮುಚ್ಚಿದ ಲೋಟ. "ಏನ್ರೀ ಇದು, ಮಡಿ ನೀರೋ?" ಎಂದು ಕೇಳಿದವರಿದ್ದಾರೆ. "ಕಿಡ್ನಿಯಲ್ಲಿ ಕಲ್ಲೇ?" ಎಂದು ದನಿ ತಗ್ಗಿಸಿ ಕೇಳಿದವರೂ ಇದ್ದಾರೆ. ಬಹಳ ವರ್ಷ ನಾನು "ಹೌದು, ಕಲ್ಲು" ಎಂದೇ ಹೇಳುತ್ತಿದ್ದೆ. ಕಲ್ಲಾದರೆ ಅದು ಮರ್ಯಾದಸ್ಥ ಕಾಯಿಲೆ. ಬಾಳೆದಿಂಡಿನ ಪಲ್ಯದಿಂದ ಹಿಡಿದು ಹುರುಳಿ ಸಾರಿನವರೆಗೆ ನಾಲ್ಕು ಮದ್ದು ಹೇಳಿ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ನಿಜ ಹೇಳಿದ್ದರೆ ಅಷ್ಟು ಬೇಗ ಏಳುತ್ತಿರಲಿಲ್ಲ. ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದರು.

ಯೋಚಿಸಿದರೆ ಆ ಉತ್ತರ ಪೂರಾ ಸುಳ್ಳೂ ಅಲ್ಲ. ನಾನು ದಿನವೂ ನುಂಗುವ ಮಾತ್ರೆಯ ಹೆಸರು ಲಿಥಿಯಂ. 1817ರಲ್ಲಿ ಸ್ವೀಡನ್ನಿನ ವಿಜ್ಞಾನಿಯೊಬ್ಬರು ಅದನ್ನು ಕಂಡುಹಿಡಿದದ್ದು ಒಂದು ಕಲ್ಲಿನಲ್ಲಿ. ಗ್ರೀಕ್ ಭಾಷೆಯಲ್ಲಿ ಲಿಥೋಸ್ ಎಂದರೆ ಕಲ್ಲು ಎಂದೇ ಅರ್ಥವಂತೆ. ಮಾತ್ರೆಯಲ್ಲಿರುವುದು ಅದರ ಒಂದು ಲವಣ. ಹಾಗೆ ನೋಡಿದರೆ ನಾನು ರಾತ್ರಿ ಮಲಗುವ ಮುನ್ನ ನುಂಗುವುದು ಒಂದು ಬಗೆಯ ಕಲ್ಲುಪ್ಪನ್ನೇ. ಮನಸ್ಸಿನ ಕಾಯಿಲೆಗೆ ಇದು ಆಗುತ್ತದೆಂದು 1949ರಲ್ಲಿ ತೋರಿಸಿಕೊಟ್ಟವರು ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು. ಈಗ ಮೊಬೈಲಿನ ಬ್ಯಾಟರಿಯಲ್ಲೂ ಇದೇ ಲಿಥಿಯಂ ಇರುತ್ತದೆ. ಅದು ಗೊತ್ತಾದ ದಿನದಿಂದ ನನ್ನ ಮಗ ರಾತ್ರಿ ಊಟವಾದ ಮೇಲೆ, "ಅಮ್ಮಾ, ಚಾರ್ಜಿಗೆ ಹಾಕಿಕೊಂಡೆಯಾ?" ಎಂದು ಕೇಳುತ್ತಾನೆ. ಅವನು ಕೇಳಿದರೆ ನನಗೆ ನಗು ಬರುತ್ತದೆ. ಬೇರೆ ಯಾರಾದರೂ ಕೇಳಿದರೆ ಬರಲಿಕ್ಕಿಲ್ಲ.

ಕಾಯಿಲೆಯ ಹೆಸರು ಬೈಪೋಲಾರ್. ಮನಸ್ಸು ಕೆಲವು ಕಾಲ ಅತಿ ಮೇಲಕ್ಕೆ ಹಾರುತ್ತದೆ, ಕೆಲವು ಕಾಲ ಬಾವಿಯ ತಳಕ್ಕೆ ಇಳಿಯುತ್ತದೆ, ನಡುವೆ ಎಲ್ಲರ ಹಾಗೆಯೂ ಇರುತ್ತದೆ. ನನಗೆ ಅದು ಕಾಣಿಸಿಕೊಂಡದ್ದು 1997ರಲ್ಲಿ, ಎರಡನೆಯ ಹೆರಿಗೆಯಾಗಿ ಹತ್ತು ದಿನಕ್ಕೆ, ತವರಿನ ಬಾಣಂತಿ ಕೋಣೆಯಲ್ಲಿ. ನಾಲ್ಕು ರಾತ್ರಿ ಕಣ್ಣು ಮುಚ್ಚಲಿಲ್ಲ. ಬಾಯಿ ಮುಚ್ಚಲಿಲ್ಲ. ಮಗು ಸಾಕ್ಷಾತ್ ದೇವಿ, ಊರಿನವರೆಲ್ಲ ಬಂದು ನಮಸ್ಕಾರ ಮಾಡಬೇಕು ಎಂದು ಹಟ ಹಿಡಿದೆನಂತೆ. ಅಜ್ಜಿ "ಬಾಣಂತಿ ಸನ್ನಿ" ಎಂದರು. ಯಾರೋ ತಾಯಿತ ತಂದರು. ಅಣ್ಣ ಮಾತ್ರ ಯಾರ ಮಾತನ್ನೂ ಕೇಳದೆ ಜೀಪು ಮಾಡಿಸಿ ಶಿವಮೊಗ್ಗಕ್ಕೆ ಕರೆದೊಯ್ದ. ಅಲ್ಲಿನ ಮನೋವೈದ್ಯರು ಮನೆತನದ ವಿಚಾರವೆಲ್ಲ ಕೇಳಿದರು. ಹೀಗೇ ಆಗಿ ಮನೆ ಬಿಟ್ಟುಹೋದ ನಮ್ಮ ಚಿಕ್ಕಪ್ಪನ ಕಥೆ, ಮನೆಯಲ್ಲಿ ಯಾರೂ ಎತ್ತದ ಆ ಕಥೆ, ಅಂದು ಹೊರಬಂತು.

ಮಾತ್ರೆ ಶುರುವಾಯಿತು. ಅದರ ಮೊದಲನೆಯ ಬೆಲೆ ಕೊಟ್ಟವಳು ನನ್ನ ಮಗಳು. ಲಿಥಿಯಂ ಎದೆಹಾಲಿಗೂ ಇಳಿಯುತ್ತದೆ, ಮಗುವಿಗೆ ಹಾಲು ಕೊಡುವುದು ಬೇಡ ಎಂದರು ಡಾಕ್ಟರು. ಕಟ್ಟಿಕೊಂಡ ಎದೆಗೆ ಅಮ್ಮ ಮಲ್ಲಿಗೆ ಹೂವನ್ನು ಒತ್ತಿ ಬಟ್ಟೆ ಸುತ್ತಿದಳು. ಹಾಲು ಬತ್ತಲು ಹಳೆಯ ಕಾಲದಿಂದ ಮಾಡುತ್ತಿದ್ದ ಉಪಾಯ ಅದು. ಪಕ್ಕದ ಕೋಣೆಯಲ್ಲಿ ಮಗು ಅಳುತ್ತಿತ್ತು. ಇವತ್ತಿಗೂ ಮಲ್ಲಿಗೆ ಮುಡಿಯುವುದೆಂದರೆ ನನಗೆ ಅಷ್ಟಕ್ಕಷ್ಟೆ. ಕೇಳಿದವರಿಗೆ ತಲೆನೋವು ಬರುತ್ತದೆ ಎನ್ನುತ್ತೇನೆ.

ತಿಂಗಳೆರಡರಲ್ಲಿ ತಲೆ ತಿಳಿಯಾಯಿತು. ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಬಂದೆ. ಆಮೇಲೆ ಒಂದೊಂದಾಗಿ ಬಂದವು, ಡಾಕ್ಟರು ಅಡ್ಡ ಪರಿಣಾಮ ಎನ್ನುವ ನೆಂಟರು. ಮೊದಲು ಬಾಯಾರಿಕೆ. ಎಷ್ಟು ಕುಡಿದರೂ ನಾಲಗೆ ಒಣ ಎಲೆಯ ಹಾಗೆ. ಕುಡಿದದ್ದೆಲ್ಲ ಹೊರಹೋಗಬೇಕಲ್ಲ, ರಾತ್ರಿ ನಾಲ್ಕು ಸಲ ಹಿತ್ತಿಲ ಬಾಗಿಲು ತೆಗೆಯುವುದು. ಮಳೆಗಾಲದಲ್ಲಿ, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಬ್ಯಾಟರಿ. "ಅಷ್ಟು ನೀರು ಕುಡಿದರೆ ಇನ್ನೇನಾಗುತ್ತದೆ, ಕಡಿಮೆ ಕುಡಿ" ಎಂದರು ಅತ್ತೆ. ಮಾತು ಸರಿಯೆನ್ನಿಸಿ ಹಾಗೇ ಮಾಡಿ ನೋಡಿದೆ. ತಲೆ ಸುತ್ತಿ ಕುಳಿತುಬಿಟ್ಟೆ. ಸಂಗತಿ ತಿರುಗುಮುರುಗು ಎಂದು ಆಮೇಲೆ ತಿಳಿಯಿತು. ನೀರನ್ನು ಹಿಡಿದಿಡು ಎಂದು ಮೂತ್ರಪಿಂಡಕ್ಕೆ ಹೇಳುವ ಒಂದು ಹಾರ್ಮೋನು ಇದೆಯಂತೆ. ಲಿಥಿಯಂ ಇದ್ದಾಗ ಮೂತ್ರಪಿಂಡ ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ. ನೀರು ಮೊದಲು ಹೋಗುತ್ತದೆ, ಬಾಯಾರಿಕೆ ಆಮೇಲೆ ಬರುತ್ತದೆ. ಹಾಗಾಗಿ ಕುಡಿಯದೆ ವಿಧಿಯಿಲ್ಲ.

ಬಾಯಾರಿಕೆಗೆಂದು ನಾನು ಕುಡಿದದ್ದಾದರೂ ಏನು? ಮಲೆನಾಡಿನ ಮನೆ, ಮುರುಗಲು ಹಣ್ಣಿನ ಪಾನಕ ಶೀಸೆಗಟ್ಟಲೆ ಇತ್ತು. ದಿನಕ್ಕೆ ಆರು ಲೋಟ ಸಕ್ಕರೆ ನೀರು ಹೊಟ್ಟೆಗೆ ಹೋದರೆ ಏನಾಗಬೇಕೋ ಅದಾಯಿತು. ಎರಡು ವರ್ಷದಲ್ಲಿ ಹದಿನಾಲ್ಕು ಕಿಲೋ ಏರಿದೆ. ಮದುವೆಯ ರವಿಕೆಗಳೆಲ್ಲ ಪೆಟ್ಟಿಗೆ ಸೇರಿದವು. ಅದೆಲ್ಲ ಪಾನಕದ್ದೇ ತಪ್ಪಲ್ಲ, ಮಾತ್ರೆಗೂ ತೂಕ ಏರಿಸುವ ಗುಣ ಇದೆ. ಆದರೆ ಪಾನಕ ಬಿಟ್ಟು ಬರೀ ನೀರಿಗೆ ಬಂದ ಮೇಲೆ ತೂಕ ಏರುವುದಾದರೂ ನಿಂತಿತು.

ಎಲ್ಲಕ್ಕಿಂತ ನನ್ನನ್ನು ಸೋಲಿಸಿದ್ದು ಕೈ ನಡುಕ. ದೊಡ್ಡ ನಡುಕವಲ್ಲ, ತಂತಿ ಮೀಟಿ ಬಿಟ್ಟ ಹಾಗೆ ಸಣ್ಣದು. ನಮ್ಮ ಬೀದಿಯಲ್ಲಿ ಎಳೆ ರಂಗೋಲಿಗೆ ನನ್ನದೇ ಹೆಸರಿತ್ತು. ಈಗ ಎಳೆ ನೆಟ್ಟಗೆ ಬರುತ್ತಿರಲಿಲ್ಲ. ಬಂದವರಿಗೆ ಕಾಫಿ ಕೊಡುವಾಗ ಕಪ್ಪು ಬಸಿಯ ಮೇಲೆ ಕಟಕಟ ಎನ್ನುತ್ತಿತ್ತು. ಸದ್ದು ಕೇಳಿದವರು ಮೊದಲು ಬಸಿ ನೋಡುತ್ತಿದ್ದರು, ಆಮೇಲೆ ನನ್ನನ್ನು. ನಾನು ಬಸಿಯನ್ನೇ ಬಿಟ್ಟು ಲೋಟದಲ್ಲಿ, ಅದೂ ಅರ್ಧ ಲೋಟ ಕೊಡುವುದನ್ನು ಕಲಿತೆ. "ಜಿಪುಣಿ" ಎಂದು ಓರಗಿತ್ತಿ ತಮಾಷೆ ಮಾಡಿದಳು.

2004ರಲ್ಲಿ ನಾದಿನಿಯ ಮಗಳ ಮದುವೆ ಗೊತ್ತಾಯಿತು. ಆರತಿ ತಟ್ಟೆ ಹಿಡಿಯುವುದು ನನ್ನ ಪಾಲಿಗೆ. ಇನ್ನೂರು ಜನರ ಎದುರಿಗೆ ತಟ್ಟೆ ನಡುಗುವುದನ್ನು ನೆನೆದು ನೆನೆದು ನಿದ್ದೆ ಕೆಟ್ಟಿತು. ಏಳು ವರ್ಷದಿಂದ ಏನೂ ಆಗಿಲ್ಲವಲ್ಲ, ಕಾಯಿಲೆ ಹೋಗಿಯೇ ಹೋಗಿದೆ, ಉಳಿದಿರುವುದು ಮಾತ್ರೆಯ ಕಾಟ ಮಾತ್ರ ಎನ್ನಿಸಿತು. ಡಾಕ್ಟರಿಗೆ ಹೇಳಲಿಲ್ಲ, ಇವರಿಗೂ ಹೇಳಲಿಲ್ಲ. ಮಾತ್ರೆಗಳನ್ನು ದಿನವೂ ತಪ್ಪದೆ ತುಳಸಿ ಗಿಡದ ಬುಡಕ್ಕೆ ಹಾಕತೊಡಗಿದೆ.

ಮೊದಲ ಕೆಲವು ವಾರ ಸ್ವರ್ಗ. ಕೈ ನಿಂತಿತು. ಬಾಯಾರಿಕೆ ತಗ್ಗಿತು. ಬೆಳಗಿನ ರಂಗೋಲಿ ನೋಡಿ ಎದುರು ಮನೆಯವರು, "ಏನ್ರೀ, ಮೊದಲಿನ ಕೈ ಬಂತಲ್ಲ!" ಎಂದರು. ಆಮೇಲೆ ನಿದ್ದೆ ಕಡಿಮೆಯಾಯಿತು. ಆಯಾಸವೇ ಇಲ್ಲದಿದ್ದುದರಿಂದ ಅದು ತೊಂದರೆ ಅನ್ನಿಸಲಿಲ್ಲ. ರಾತ್ರಿ ಎರಡು ಗಂಟೆಗೆ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿ ಹುಣಿಸೆಹಣ್ಣು ಹಚ್ಚಿ ಬೆಳಗಿದೆ. ಮನೆಯವರು ಮೆಚ್ಚಿದರು. ಮಕ್ಕಳ ಶಾಲೆಯ ಫೀಸಿಗೆ ಇಟ್ಟಿದ್ದ ಹಣದಲ್ಲಿ ಹನ್ನೊಂದು ಸೀರೆ ತಂದು ಕಂಡಕಂಡವರಿಗೆ ಹಂಚಿದಾಗ ಯಾರೂ ಮೆಚ್ಚಲಿಲ್ಲ. ಮದುವೆಯ ದಿನ ಆರತಿ ತಟ್ಟೆ ನಡುಗಲಿಲ್ಲ. ಆದರೆ ಆರತಿ ಮುಗಿದ ಮೇಲೆ ನಾನು ಮೈಕು ಹಿಡಿದುಕೊಂಡೆ. ಹಾಡಿದೆ, ಭಾಷಣ ಮಾಡಿದೆ, ಬೀಗರ ಮನೆಯವರ ಗುಟ್ಟುಗಳನ್ನೆಲ್ಲ ಹೇಳಿ ನಗಿಸಿದೆ. ಜನ ಮೊದಲು ನಿಜವಾಗಿ ನಕ್ಕರು, ಆಮೇಲೆ ಬೇರೆ ರೀತಿ ನಕ್ಕರು. ಇವರು ಬಂದು ಮೈಕು ಕಸಿದುಕೊಳ್ಳಬೇಕಾಯಿತು. ಅದನ್ನೆಲ್ಲ ನಾನು ಅರೆಬರೆ ಮರೆತಿದ್ದೇನೆ. ಏಳು ವರ್ಷದ ನನ್ನ ಮಗಳು ಹಿಂದಿನ ಸಾಲಿನ ಕುರ್ಚಿಯ ಕೆಳಗೆ ಕಿವಿ ಮುಚ್ಚಿಕೊಂಡು ಕುಳಿತಿದ್ದನ್ನು ಮಾತ್ರ ಮರೆಯಲಾಗಿಲ್ಲ.

ಹತ್ತಿದ ಮೇಲೆ ಇಳಿಯಲೇಬೇಕು. ನಂತರದ ಮೂರು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ತಲೆ ಬಾಚಿಕೊಳ್ಳುವುದೂ ಬೆಟ್ಟ ಹತ್ತಿದ ಹಾಗೆ. ಬಾವಿಯ ಕಡೆ ಹೋಗಬಾರದೆಂದು ಅತ್ತೆ ಹಿತ್ತಿಲ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದರು. ಕಡಿಮೆ ನೀರು ಕುಡಿ ಎಂದವರೂ ಅವರೇ, ಆ ಮೂರು ತಿಂಗಳು ನನ್ನನ್ನು ಕಾದವರೂ ಅವರೇ.

ಮತ್ತೆ ಡಾಕ್ಟರ ಎದುರು ಕುಳಿತಾಗ ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಬೈಯಲಿಲ್ಲ. "ಯಾಕಮ್ಮ ಬಿಟ್ಟಿರಿ?" ಎಂದು ಕೇಳಿದರು. ಕೈ ನಡುಗುತ್ತದೆ ಎಂದೆ. "ಏಳು ವರ್ಷ ನಡುಗಿತೆ? ಒಂದು ದಿನವೂ ನನಗೆ ಹೇಳಲಿಲ್ಲವಲ್ಲ!" ನಿಜ. ಪ್ರತಿ ಸಲ "ಹೇಗಿದ್ದೀರಿ?" ಎಂದಾಗ "ಚೆನ್ನಾಗಿದ್ದೇನೆ" ಎಂದು ಹೇಳಿ, ಚೀಟಿ ಹಿಡಿದು, ಐದು ನಿಮಿಷದಲ್ಲಿ ಎದ್ದು ಬರುತ್ತಿದ್ದೆ. ಇಷ್ಟು ದೊಡ್ಡ ಕಾಯಿಲೆಗೆ ಮದ್ದು ಕೊಟ್ಟವರ ಹತ್ತಿರ ರಂಗೋಲಿಯ ವಿಚಾರ ಹೇಳುವುದೇ ಎಂಬ ಸಂಕೋಚ.

ಹೇಳಿದ ಮೇಲೆ ದಾರಿಗಳಿದ್ದವು. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ ಪ್ರಮಾಣವನ್ನು ಸ್ವಲ್ಪ ಇಳಿಸಿದರು. ಸಾಮಾನ್ಯವಾಗಿ ಅದು 0.6ರಿಂದ 1.0ರ ಒಳಗಿರಬೇಕು. ಕೊನೆಯ ಮಾತ್ರೆ ತೆಗೆದುಕೊಂಡು 12 ಗಂಟೆಯಾದ ಮೇಲೆ ರಕ್ತ ಕೊಡಬೇಕು; ಬೆಳಗಿನ ಮಾತ್ರೆ ನುಂಗಿ ಹೋಗಿ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಮೂರು ಹೊತ್ತಿನ ಮಾತ್ರೆಯನ್ನು ರಾತ್ರಿ ಒಂದೇ ಹೊತ್ತಿಗೆ ಮಾಡಿದರು. ನಡುಕಕ್ಕೆ ಪ್ರೊಪ್ರನೊಲಾಲ್ ಎಂಬ ಸಣ್ಣ ಮಾತ್ರೆ ಕೊಟ್ಟರು. ಉಬ್ಬಸ ಇರುವವರಿಗೆ ಅದು ಆಗದು, ನನಗಿಲ್ಲದ್ದರಿಂದ ಆಯಿತು. ಹೆಚ್ಚು ಕಾಫಿ ಕುಡಿದರೂ ನಡುಕ ಏರುತ್ತದೆ ಎಂದರು. ನಾಳೆಯಿಂದಲೇ ಬಿಡುತ್ತೇನೆ ಎಂದೆ. "ಹಾಗೆ ಒಮ್ಮೆಲೇ ಬಿಟ್ಟರೆ ಲಿಥಿಯಂ ಮಟ್ಟ ಏರುತ್ತದೆ. ಕಾಫಿ ಬಿಡುವುದಾದರೂ ನನಗೆ ಹೇಳಿ ಬಿಡಿ" ಎಂದು ನಕ್ಕರು. ಅಂದಿನಿಂದ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನನ್ನ ಲೆಕ್ಕವನ್ನೂ ಬರೆಯುತ್ತೇನೆ. ಎಷ್ಟು ಗಂಟೆ ನಿದ್ದೆ, ಕೈ ಹೇಗೆ, ಎಷ್ಟು ಸಲ ಎದ್ದೆ. ಎರಡು ದಿನ ಸತತವಾಗಿ ನಿದ್ದೆಯ ಅಂಕಿ ಐದಕ್ಕಿಂತ ಕೆಳಗಿಳಿದರೆ ಇವರು ಕೇಳುತ್ತಾರೆ. ಕೇಳಲಿ ಎಂದೇ ಅದನ್ನು ಅಡುಗೆಮನೆಯ ಗೋಡೆಗೆ ಹಾಕಿದ್ದು.

2008ರಲ್ಲಿ ಮತ್ತೆ ಮಂಕು ಕವಿಯಿತು. ಕೂದಲು ಉದುರಿತು, ಬೇಸಿಗೆಯಲ್ಲೂ ಚಳಿ, ಸಾರಿಗೆ ಒಗ್ಗರಣೆ ಹಾಕುವುದೂ ಬೇಡ ಎನ್ನಿಸುವಷ್ಟು ಜಡ. ಖಿನ್ನತೆ ಮರಳಿತೆಂದು ಮನೆಯವರೆಲ್ಲ ಹೆದರಿದರು. ಪರೀಕ್ಷೆ ಮಾಡಿದರೆ ಥೈರಾಯ್ಡ್ ಕುಗ್ಗಿತ್ತು. ಲಿಥಿಯಂ ತೆಗೆದುಕೊಳ್ಳುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದು ಅಪರೂಪವಲ್ಲವಂತೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಥೈರಾಕ್ಸಿನ್ ಮಾತ್ರೆ ಸೇರಿಕೊಂಡಿತು. ಒಂದೆರಡು ತಿಂಗಳಲ್ಲಿ ಒಗ್ಗರಣೆಯ ಘಮ ಮರಳಿತು.

ಉಪ್ಪಿನ ಪಾಠ ಕಲಿತದ್ದು 2013ರಲ್ಲಿ. ಇವರಿಗೆ ಬಿಪಿ ಇರುವುದು ಗೊತ್ತಾಗಿ, ಉಪ್ಪು ಕಡಿಮೆ ಮಾಡಬೇಕೆಂದರು. ಗಂಡನ ನಾಲಗೆಗೆ ಒಂದು, ನನ್ನ ನಾಲಗೆಗೆ ಒಂದು ಎಂದು ಎರಡು ಸಾರು ಮಾಡುವ ಹೆಂಗಸು ನಮ್ಮಲ್ಲಿ ಯಾರಿದ್ದಾಳೆ? ಉಪ್ಪಿನಕಾಯಿ ಭರಣಿ ಮೇಲಿನ ಗೂಡಿಗೆ ಹೋಯಿತು, ಹಪ್ಪಳ ಸಂಡಿಗೆ ನಿಂತಿತು, ಇಬ್ಬರಿಗೂ ಸಪ್ಪೆ ಊಟ. ಅದೇ ಹೊತ್ತಿಗೆ ನನಗೆ ಮಂಡಿನೋವು. ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ದಿನಕ್ಕೆರಡು ನುಂಗಿದೆ. ಹತ್ತೇ ದಿನ. ಕೈಯ ಸಣ್ಣ ನಡುಕ ದೊಡ್ಡ ನಡುಕವಾಯಿತು, ಅನ್ನ ಕಲಸಲಾಗದಷ್ಟು. ಭೇದಿ ಶುರುವಾಯಿತು. ನಡೆದರೆ ಕುಡಿದವರ ಹಾಗೆ ತೂರಾಟ, ಮಾತು ತೊದಲು. ಶಿವಮೊಗ್ಗಕ್ಕೆ ಕರೆದೊಯ್ದು ರಕ್ತ ನೋಡಿದರೆ ಲಿಥಿಯಂ 1.8. ಅದು 1.5 ದಾಟಿದರೆ ಮದ್ದೇ ವಿಷವಾಗುತ್ತದೆ. ಮಾತ್ರೆ ನಿಲ್ಲಿಸಿ ಮೂರು ದಿನ ಸಲೈನ್ ಹಾಕಿ ಉಳಿಸಿದರು.

ಆಗ ಡಾಕ್ಟರು ಬಿಡಿಸಿ ಹೇಳಿದರು. ಮೂತ್ರಪಿಂಡಕ್ಕೆ ಅಡುಗೆ ಉಪ್ಪಿನ ಸೋಡಿಯಂ ಮತ್ತು ಈ ಲಿಥಿಯಂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಊಟದಲ್ಲಿ ಉಪ್ಪು ಕಡಿಮೆಯಾಯಿತೆಂದರೆ ಅದು ಗಾಬರಿಬಿದ್ದು, ಇದ್ದ ಉಪ್ಪನ್ನೆಲ್ಲ ಹೊರಬಿಡದೆ ಬಾಚಿಕೊಳ್ಳುತ್ತದೆ. ಸೋಡಿಯಂ ಜೊತೆಗೆ ಲಿಥಿಯಮ್ಮೂ ಒಳಗೇ ಉಳಿದು ಏರುತ್ತಾ ಹೋಗುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳೂ, ಬಿಪಿಯ ಕೆಲವು ಮಾತ್ರೆಗಳೂ ಅದನ್ನು ಏರಿಸುತ್ತವೆ. ವಾಂತಿಭೇದಿ, ಜ್ವರದ ಬೆವರು, ನೀರು ಬಿಟ್ಟು ಮಾಡುವ ಉಪವಾಸ, ಎಲ್ಲದರಿಂದಲೂ ಅದೇ ಅಪಾಯ. ಉಪ್ಪು ಹೆಚ್ಚು ತಿನ್ನಬೇಕೆಂದೇನಿಲ್ಲ; ಎಲ್ಲರೂ ತಿನ್ನುವಷ್ಟು, ದಿನವೂ ಒಂದೇ ಸಮ ತಿನ್ನಬೇಕು. ಈಗ ನಮ್ಮ ಮನೆಯಲ್ಲಿ ಎರಡು ಸಾರಿದೆ. ಒಂದೇ ಪಾತ್ರೆಯಲ್ಲಿ ಸಪ್ಪೆಯಾಗಿ ಕುದಿಸಿ, ಇವರದ್ದನ್ನು ತೆಗೆದಿಟ್ಟು, ನನ್ನದಕ್ಕೆ ಅಳತೆಯ ಚಮಚದಲ್ಲಿ ಉಪ್ಪು ಹಾಕಿಕೊಳ್ಳುತ್ತೇನೆ. ಏಕಾದಶಿಗೆ ಫಲಾಹಾರ ಉಂಟು, ನೀರೂ ಉಂಟು. ಮಂಡಿ ನೋವಿಗೆ ಪ್ಯಾರಾಸಿಟಮಾಲ್ ಉಂಟು, ಅದೂ ಕೇಳಿಕೊಂಡೇ.

ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು ಎಂದು ಗಾದೆ. ತಪ್ಪು ಮಾಡಿದವರು ಅನುಭವಿಸಲಿ ಎಂಬ ಅರ್ಥದಲ್ಲಿ ಅದನ್ನು ಹೇಳುತ್ತಾರೆ. ಬಹಳ ವರ್ಷ ನಾನು ಅದೇ ಅರ್ಥವನ್ನು ನನಗೆ ಹಚ್ಚಿಕೊಂಡಿದ್ದೆ. ಏನೋ ಮಾಡಬಾರದ್ದು ಮಾಡಿರಬೇಕು, ಅದಕ್ಕೆ ಈ ಕೈ, ಈ ಮೈ, ಈ ದಾಹ ಎಂದು. ಊರಿಗೆ ಕಾಣುವುದೂ ಅಡ್ಡ ಪರಿಣಾಮವೇ. ನಡುಗುವ ಬಸಿ ಕಾಣುತ್ತದೆ, ದಪ್ಪಗಾದದ್ದು ಕಾಣುತ್ತದೆ. ಮಾತ್ರೆಯ ನಿಜವಾದ ಪರಿಣಾಮ ಯಾರಿಗೂ ಕಾಣುವಂಥದ್ದಲ್ಲ. ಮಂಗಳವಾರ ಮಂಗಳವಾರದ ಹಾಗೆ ಕಳೆಯುತ್ತದೆ, ಫೀಸಿನ ಹಣ ಡಬ್ಬಿಯಲ್ಲೇ ಇರುತ್ತದೆ, ಮಗಳು ಕುರ್ಚಿಯ ಮೇಲೆ ಕುಳಿತಿರುತ್ತಾಳೆ. ಅಷ್ಟಕ್ಕೆ ಇಷ್ಟು ನೀರು ದುಬಾರಿಯಲ್ಲ ಎಂದು ನನಗೀಗ ಅನ್ನಿಸುತ್ತದೆ. ಆದರೂ ಲೆಕ್ಕ ಮುಗಿದಿಲ್ಲ. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡಿಸುತ್ತೇನೆ. ಇತ್ತೀಚೆಗೆ ಮೂತ್ರಪಿಂಡದ ಅಂಕಿ ಮೆಲ್ಲಗೆ ಸರಿಯುತ್ತಿದೆ. ಸದ್ಯಕ್ಕೆ ಹೆದರುವಂಥದ್ದಿಲ್ಲ, ಮುಂದೊಂದು ದಿನ ಬೇರೆ ಮಾತ್ರೆಗೆ ಹೋಗಬೇಕಾಗಬಹುದು ಎಂದಿದ್ದಾರೆ. ಆ ದಿನ ಬಂದರೆ ಡಾಕ್ಟರ ಎದುರು ಕುಳಿತೇ ಬದಲಿಸುತ್ತೇನೆ. ತುಳಸಿ ಗಿಡದ ಬುಡದಲ್ಲಿ ಮಾತ್ರ ಅಲ್ಲ.

ನನಗೆ ಕೊನೆಯವರೆಗೆ ಉಳಿದ ಸಂಕೋಚ ಬಸ್ಸಿನದು. ಸಾಗರದಿಂದ ಬೆಂಗಳೂರಿಗೆ ಹಗಲಿಡೀ ಪ್ರಯಾಣ. ಹಿಂದೆಲ್ಲ ಹೊರಡುವ ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಿದ್ದೆ. ಅದು ನನ್ನ ಮಟ್ಟಿಗೆ ವಿಷದ ಜೊತೆ ಆಟವಾಡಿದಂತೆ ಎಂದು ತಿಳಿದ ಮೇಲೂ ಬಾಟಲಿ ತುಂಬಿಕೊಂಡು ಹೋಗಿ, ಗುಟುಕು ಗುಟುಕಾಗಿ ಕುಡಿದು, ಒದ್ದಾಡುತ್ತಾ ಕೂರುತ್ತಿದ್ದೆ. 2024ರ ಮೇ ತಿಂಗಳಲ್ಲಿ ಮಗಳ ಮನೆಗೆ ಹೊರಟಿದ್ದೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ತುಂಬ ಹೆಂಗಸರೇ. ಅರಸೀಕೆರೆ ದಾಟಿತ್ತು, ತಿಪಟೂರು ಇನ್ನೂ ದೂರ. ಬಿಸಿಲಿಗೆ ಎರಡು ಬಾಟಲಿ ನೀರು ಖಾಲಿಯಾಗಿತ್ತು. ಇನ್ನು ಆಗುವುದಿಲ್ಲ ಎನ್ನಿಸಿತು. ಎದ್ದು ಕಂಬಿ ಹಿಡಿದುಕೊಂಡು ಮುಂದೆ ಹೋದೆ. "ಕಂಡಕ್ಟರೇ, ಮುಂದಿನ ಪೆಟ್ರೋಲ್ ಬಂಕಿನಲ್ಲಿ ಐದು ನಿಮಿಷ ನಿಲ್ಲಿಸಿ. ನಾನು ಬಾತ್‌ರೂಮಿಗೆ ಹೋಗಬೇಕು. ನೀರು ಹೆಚ್ಚು ಕುಡಿಯಬೇಕಾದ ಮಾತ್ರೆ ತೆಗೆದುಕೊಳ್ಳುತ್ತೇನೆ" ಎಂದೆ. ಪಿಸುಗುಟ್ಟಬೇಕೆಂದಿದ್ದೆ, ಬಸ್ಸಿನ ಸದ್ದಿಗೆ ಕೂಗಬೇಕಾಯಿತು.

ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು. ಹುಡುಗ ಕಂಡಕ್ಟರ್ ಒಮ್ಮೆ ನನ್ನ ಬಿಳಿ ಕೂದಲು ನೋಡಿ, "ಆಯ್ತಮ್ಮ" ಎಂದು ಸೀಟಿ ಊದಿದ. ನಾನು ಕೆಳಗಿಳಿದು ಸೆರಗು ಸರಿಮಾಡಿಕೊಂಡು ತಿರುಗಿ ನೋಡುತ್ತೇನೆ, ಬಸ್ಸಿನ ಬಾಗಿಲಿನಿಂದ ಒಬ್ಬರ ಹಿಂದೆ ಒಬ್ಬರಂತೆ ಇಳಿಯುತ್ತಿದ್ದಾರೆ. ಎಣಿಸಿದೆ, ಒಂಬತ್ತು ಜನ ಹೆಂಗಸರು. ಸಾಲಿನಲ್ಲಿ ನನ್ನ ಹಿಂದೆ ನಿಂತ ಮುದುಕಿ ನನ್ನ ತೋಳು ಹಿಡಿದು, "ನೀ ಕೇಳಿದ್ದು ಒಳ್ಳೇದಾತು ಕಣವ್ವ. ಕಡೂರಿಂದ ಕುಂತಿದ್ದೆ" ಎಂದಳು.

ಮತ್ತೆ ಬಸ್ಸು ಹತ್ತಿ ಕುಳಿತಾಗ ಪಕ್ಕದ ಹುಡುಗಿ ತನ್ನ ಬಾಟಲಿಯನ್ನು ನನ್ನ ಕಡೆ ಚಾಚಿದಳು. ನಡುಗುವ ಕೈಯಲ್ಲೇ ತೆಗೆದುಕೊಂಡು ಹೊಟ್ಟೆ ತುಂಬ ಕುಡಿದೆ.